ದೇವರ ಹೆಸರು ಉಳಿಸಿದ ಹಾಳೆಗಳು

ದೇವರ ನಾಮವಿರುವ ಹಾಳೆ ಎಷ್ಟೇ ಜೀರ್ಣವಾದರೂ ಅದನ್ನು ಎಸೆಯಬಾರದೆಂಬುದು ಯಹೂದ್ಯರ ಸಂಪ್ರದಾಯ. ಅಂಥ ಹಾಳೆಗಳನ್ನು ಕೂಡಿಡುವ ಕೋಣೆಗೆ ‘ಗೆನಿಜಾ’ ಎಂದು ಹೆಸರು. ಹಳೆಯ ಕೈರೋ ನಗರದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಗೆನಿಜಾ ಜಗತ್ಪ್ರಸಿದ್ಧವಾದುದು. 1896-97ರಲ್ಲಿ ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅಲ್ಲಿಂದ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಒಯ್ದ ಸಂಗ್ರಹದಲ್ಲಿ ಸುಮಾರು 1,93,000 ತುಣುಕುಗಳಿವೆ.

ಅವುಗಳಲ್ಲಿ ಪ್ರಾರ್ಥನಾಗ್ರಂಥಗಳ ಹಾಳೆಗಳು ವಿಪುಲ. ಹತ್ತನೆಯ ಶತಮಾನದಲ್ಲಿ ಸಾದಿಯಾ ಗಾಓನ್ ಸಂಕಲಿಸಿದ ಗ್ರಂಥದಲ್ಲಿ ಪ್ರಾರ್ಥನೆಗಳು ಹೀಬ್ರೂ ಭಾಷೆಯಲ್ಲಿವೆ. ಅವುಗಳನ್ನು ಯಾವಾಗ, ಹೇಗೆ ಹೇಳಬೇಕೆಂಬ ವಿವರಣೆ ಜನರ ಆಡುನುಡಿಯಾಗಿದ್ದ ಅರಬ್ಬಿಯಲ್ಲಿದೆ. ಆ ಅರಬ್ಬಿಯನ್ನೂ ಹೀಬ್ರೂ ಅಕ್ಷರಗಳಲ್ಲೇ ಬರೆಯುತ್ತಿದ್ದರು. ಇದು ನಮಗೆ ಹೊಸ ಪದ್ಧತಿಯೇನಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಪೂಜೆಗೊಳ್ಳುತ್ತ ಬಂದ ಧವಲಾ ಗ್ರಂಥದ ತಾಳೆಗರಿಗಳಲ್ಲಿ ಭಾಷೆ ಮುಖ್ಯವಾಗಿ ಪ್ರಾಕೃತ, ಲಿಪಿ ಹಳಗನ್ನಡ. 1939ರಿಂದ ಅದು ಅಚ್ಚಾಗತೊಡಗಿದಾಗ ಸಂಪಾದನೆಗೆ ನೆರವಾದವರಲ್ಲಿ ನಮ್ಮ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಧ್ಯಾಪಕರೂ ಸದಲಗಾ ಗ್ರಾಮದವರೂ ಆದ ಡಾ. ಆ. ನೇ. ಉಪಾಧ್ಯೆಯವರು ಒಬ್ಬರು. ಅಲ್ಲಿಯೂ ಇಲ್ಲಿಯೂ ಭಕ್ತಿಯೇ ಗ್ರಂಥವನ್ನು ಕಾಯಿತು.

ಗೆನಿಜಾದ ಮಹತ್ವ ಇಷ್ಟಕ್ಕೇ ನಿಲ್ಲದು. ಹೀಬ್ರೂ ಅಕ್ಷರದ ಮೇಲಿನ ಗೌರವದಿಂದ ಜನರು ವ್ಯಾಪಾರದ ಓಲೆ, ಲೆಕ್ಕದ ಚೀಟಿಗಳನ್ನೂ ಅಲ್ಲಿಯೇ ಇರಿಸಿದರು. ಆ ರಾಶಿಯಲ್ಲಿ ನಮ್ಮ ಮಂಗಳೂರು ದೊರೆಯಿತು! ಟ್ಯುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ 1132ರಲ್ಲಿ ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆಗೊಳಿಸಿದ ಪತ್ರ ಉಳಿದಿದೆ. ಆತ ಅಲ್ಲಿ ಕಂಚಿನ ಕಾರ್ಖಾನೆ ನಡೆಸುತ್ತಿದ್ದ. ಅವನಿಗೆ ಬರೆಯುವ ಕಾಗದ ಕೂಡ ಏಡನ್ ಬಂದರಿನಿಂದ ಹಡಗಿನಲ್ಲಿ ಬರುತ್ತಿತ್ತು. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ದಾಸನ ಹೆಸರನ್ನು ವಿದ್ವಾಂಸರು ‘ಬೊಮ್ಮ’ ಎಂದು ಓದಿದ್ದಾರೆ. ಅದೇ ಕಾಲದಲ್ಲಿ ಕೊಲ್ಲಾಪುರವನ್ನು ಆಳುತ್ತಿದ್ದ ಶಿಲಾಹಾರರ ಕನ್ನಡ ಶಾಸನಗಳು ದಾನದತ್ತಿಗಳನ್ನು ಕಲ್ಲಿನಲ್ಲಿ ಕಾಪಾಡಿದವು. ಬೊಮ್ಮನ ಹೆಸರನ್ನು ಕಾಪಾಡಿದ್ದು ಒಂದು ಹರಿದ ಕಾಗದ.

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ ಕನ್ನಡದ ಕೀರ್ದಿ ಪುಸ್ತಕ, ಭಜನೆಯ ವಹಿ, ಹೊಲದ ಪತ್ರ, ಅಜ್ಜನ ಓಲೆಗಳು ಇನ್ನೂ ಇವೆ. ಮರಾಠಿಯಲ್ಲಿ ಓದುತ್ತಿರುವ ಮೊಮ್ಮಕ್ಕಳಿಗೆ ಅವು ತಿಳಿಯವು. ಆದ್ದರಿಂದ ಮನೆ ಕೆಡವುವಾಗ ರದ್ದಿಯವನ ಪಾಲಾಗುತ್ತಿವೆ. ಇಂದು ಓದುವವರಿಲ್ಲ ಎಂಬುದು ಎಸೆಯಲು ಕಾರಣವಾಗಬಾರದು. ಬೊಮ್ಮನ ಹೆಸರನ್ನು ಓದುವವರು ಎಂಟುನೂರು ವರ್ಷಗಳ ನಂತರ ಬಂದರು. ಅವರು ಬರುವವರೆಗೆ ಹಾಳೆ ಉಳಿದಿತ್ತು. ನಮ್ಮ ಹಾಳೆಗಳನ್ನೂ ಹಾಗೆಯೇ ಉಳಿಸೋಣ.