ಒಂದು ರಾತ್ರಿಯ ಗುರುತಿನ ಮಾತು

ಕ್ರಿ.ಪೂ. ಎರಡನೇ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ರೋಮನ್ ಸೇನಾ ಶಿಬಿರದ ಒಂದು ಪದ್ಧತಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಸೂರ್ಯ ಮುಳುಗುವ ಹೊತ್ತಿಗೆ ಆ ರಾತ್ರಿಯ ಗುರುತಿನ ಮಾತನ್ನು ಸಣ್ಣ ಮರದ ಹಲಗೆಯ ಮೇಲೆ ಬರೆದು ಕೊಡುತ್ತಿದ್ದರು. ಸಾಲಿನ ಕೊನೆಯ ತುಕಡಿಯಿಂದ ಹೊರಟ ಹಲಗೆ ಸಾಕ್ಷಿಗಳ ಎದುರು ಕೈಯಿಂದ ಕೈಗೆ ದಾಟಿ, ಕತ್ತಲಾಗುವ ಮುನ್ನ ಕೊಟ್ಟ ಅಧಿಕಾರಿಗೇ ಮರಳಬೇಕಿತ್ತು. ಮರಳದಿದ್ದರೆ, ಬಂದ ಹಲಗೆಗಳ ಗುರುತು ನೋಡಿ ಅದು ಎಲ್ಲಿ ನಿಂತಿತೆಂದು ಪತ್ತೆ ಹಚ್ಚುತ್ತಿದ್ದರು. ತಪ್ಪಿದವನಿಗೆ ಶಿಕ್ಷೆ. ಅಂದರೆ ಆ ಮಾತಿನ ಆಯುಸ್ಸು ಒಂದೇ ರಾತ್ರಿ, ಮತ್ತು ಅದನ್ನು ಕಾಯುವ ಹೊಣೆ ಯಾರದೆಂಬುದು ಸ್ಪಷ್ಟ.

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದಾಗ ಈ ಎರಡೂ ಗುಣಗಳು ಕಳೆದುಹೋದವು. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸಬಹುದಿತ್ತು. ಪ್ರತಿಯೊಬ್ಬರ ಕಡತ ಬೇರೆ, ಪ್ರತಿಯೊಬ್ಬರ ಪಾಲಿನ ಸಮಯ ಬೇರೆ. ಯಾರ ಪಾಲನ್ನು ಯಾರು ಬಳಸುತ್ತಿದ್ದಾರೆಂದು ತಿಳಿಯಲು ತಲೆಗೊಂದು ಪಾಸ್‌ವರ್ಡ್ ಇಟ್ಟರು. ಆ ಎಲ್ಲ ಪಾಸ್‌ವರ್ಡ್‌ಗಳೂ ಇದ್ದದ್ದಿದ್ದಂತೆ ಒಂದೇ ಕಡತದಲ್ಲಿ ಕೂತಿದ್ದವು.

ಮರುವರ್ಷವೇ ಅದು ಹೊರಬಿತ್ತು. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಗುತ್ತಿದ್ದ 4 ಗಂಟೆ ಸಾಲುತ್ತಿರಲಿಲ್ಲ. ಕಡತದ ಹೆಸರು ಬರೆದು ಪಂಚ್ ಕಾರ್ಡ್ ಹಾಕಿದರೆ ಅದರ ಮುದ್ರಿತ ಪ್ರತಿ ಸಿಗುತ್ತದೆಂದು ಅವನಿಗೆ ಗೊತ್ತಿತ್ತು. ಶುಕ್ರವಾರ ರಾತ್ರಿ ಪಾಸ್‌ವರ್ಡ್ ಕಡತದ ಹೆಸರಿನ ಕಾರ್ಡ್ ಹಾಕಿದ. ಶನಿವಾರ ಬೆಳಿಗ್ಗೆ ಎಲ್ಲರ ಪಾಸ್‌ವರ್ಡ್ ಅವನ ಕೈಲಿತ್ತು. 1966ರಲ್ಲಿ ಅದೇ ವ್ಯವಸ್ಥೆಯಲ್ಲಿ ಎರಡು ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ದಿನದ ಸಂದೇಶದ ಬದಲು ಪಾಸ್‌ವರ್ಡ್‌ಗಳ ಪಟ್ಟಿಯೇ ಕಂಡಿತು. ಎರಡು ಸಲವೂ ಯಾವ ಬಳಕೆದಾರನೂ ಬಾಯಿಬಿಟ್ಟಿರಲಿಲ್ಲ. ಸೋರಿದ್ದು ಕಣಜ.

ಕಣಜವನ್ನು ಭದ್ರಪಡಿಸುವ ಉಪಾಯವೂ ಬಂತು. ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಲೇಖನದಲ್ಲಿ ಯುನಿಕ್ಸ್‌ನ ಕ್ರಮವನ್ನು ವಿವರಿಸಿದರು. ಪಾಸ್‌ವರ್ಡನ್ನು ಹಾಗೇ ಇಡದೆ ರುಬ್ಬಿ ಇಡುವುದು. ಹಿಟ್ಟಿನಿಂದ ಕಾಳು ಮರಳಿ ಸಿಗದು. ರುಬ್ಬುವ ಮೊದಲು ಪ್ರತಿಯೊಬ್ಬರದಕ್ಕೂ ಬೇರೆ ಬೇರೆ ‘ಉಪ್ಪು’ ಬೆರೆಸುವುದು. ಆಗ ಇಬ್ಬರ ಪಾಸ್‌ವರ್ಡ್ ಒಂದೇ ಆದರೂ ಹಿಟ್ಟು ಬೇರೆಯಾಗಿ ಕಾಣುತ್ತದೆ. ಅದೇ ಲೇಖನ ಬಳಕೆದಾರರತ್ತಲೂ ಬೆರಳು ತೋರಿತು. ಸಂಗ್ರಹಿಸಿದ 3,289 ಪಾಸ್‌ವರ್ಡ್‌ಗಳಲ್ಲಿ ಶೇ. 86ರಷ್ಟು ತೀರ ಚಿಕ್ಕವು, ಇಲ್ಲವೇ ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಗುವಂಥವು.

ಮುಂದೆ ಭಾರವೆಲ್ಲ ಬಳಕೆದಾರನ ಮೇಲೆ ಸರಿಯಿತು. 2003ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆಗಾಗಿ ಬಿಲ್ ಬರ್ ಬರೆದ ಮಾರ್ಗದರ್ಶಿಯ ನಂತರ ದೊಡ್ಡಕ್ಷರ, ಅಂಕಿ, ಚಿಹ್ನೆ, ಆಗಾಗ ಬದಲಾವಣೆ ಎಂಬ ನಿಯಮಗಳು ಎಲ್ಲೆಡೆ ಹರಡಿದವು. ಜನ ಕೊನೆಯ 1ನ್ನು 2 ಮಾಡಿ ನಿಯಮ ಪಾಲಿಸಿದರು. 2017ರಲ್ಲಿ ಅದೇ ಸಂಸ್ಥೆ ಈ ಕಟ್ಟಳೆಗಳನ್ನು ಕೈಬಿಟ್ಟು, ಉದ್ದವೇ ಮುಖ್ಯ, ಸೋರಿಕೆಯಾದರಷ್ಟೇ ಬದಲಿಸಿ ಎಂದಿತು. ಬರ್ ಕೂಡ ತಾನು ಬರೆದುದರ ಬಗ್ಗೆ ಬಹಿರಂಗವಾಗಿ ವಿಷಾದಿಸಿದರು.

ಭಾರತದಲ್ಲಿ ಒಂದು ರಾತ್ರಿಯ ಮಾತು ಮರಳಿ ಬಂದದ್ದು ಬ್ಯಾಂಕಿನ ಮೂಲಕ. ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣ ಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2009ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಕ್ರಮೇಣ ಒಟಿಪಿ ಮನೆಮಾತಾಯಿತು. ಅದರ ಆಯುಸ್ಸು ರಾತ್ರಿಯೂ ಅಲ್ಲ, ಕೆಲವೇ ನಿಮಿಷ. ಹಾಗಾಗಿ ಕಳ್ಳನಿಗೆ ಕಣಜಕ್ಕಿಂತ ಬಾಯಿಯೇ ಸುಲಭದ ದಾರಿಯಾಯಿತು. ರೋಮನ್ ಶಿಬಿರದಲ್ಲಿ ಗುರುತಿನ ಮಾತು ಕೇಳುವ ಅಧಿಕಾರ ಕಾವಲುಗಾರನದು, ಅದೂ ಅವನ ಜಾಗದಲ್ಲಿ ನಿಂತಾಗ. ಡೇರೆಗೆ ಬಂದು ಕೇಳಿದವನು ಶತ್ರುವೇ. ಬ್ಯಾಂಕಿನವನೆಂದು ಫೋನು ಮಾಡಿ ಒಟಿಪಿ ಕೇಳುವವನೂ ಡೇರೆಗೆ ಬಂದವನೇ.

ಹಣ ಹೋದವರನ್ನು ಮನೆಯವರೂ ಬ್ಯಾಂಕಿನವರೂ ಮೊದಲು ಕೇಳುವುದು, ‘ಒಟಿಪಿ ಹೇಳಿದಿರಾ?’ ಎಂದು. ಆ ನಾಚಿಕೆಗೆ ಎಷ್ಟೋ ಹಿರಿಯರು ಸುಮ್ಮನಾಗುತ್ತಾರೆ. ಆದರೆ 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊಣೆಯನ್ನು ಹಂಚಿಟ್ಟಿತು. ಲೋಪ ಬ್ಯಾಂಕಿನದಾದರೆ ಗ್ರಾಹಕನ ಮೇಲೆ ಹೊಣೆಯಿಲ್ಲ. ಇಬ್ಬರದೂ ಅಲ್ಲದಿದ್ದರೆ, 3 ಕೆಲಸದ ದಿನಗಳೊಳಗೆ ತಿಳಿಸಿದರೂ ಹೊಣೆಯಿಲ್ಲ. ತಾನೇ ಗುಟ್ಟು ಹೇಳಿದ್ದರೂ, ದೂರು ಕೊಟ್ಟ ನಂತರದ ನಷ್ಟ ಬ್ಯಾಂಕಿನದು. ಆದ್ದರಿಂದ ತಕ್ಷಣ ಬ್ಯಾಂಕಿಗೂ 1930ಕ್ಕೂ ಫೋನು ಮಾಡುವುದು ಅತ್ತೂ ಕರೆದೂ ಕೂರುವುದಕ್ಕಿಂತ ಮುಖ್ಯ.

ಬಳಕೆದಾರನ ಪಾಲಿನ ಕೆಲಸ ಇಷ್ಟೆ: ಪ್ರತಿ ಖಾತೆಗೂ ಬೇರೆ, ಉದ್ದನೆಯ ಪಾಸ್‌ವರ್ಡ್. ಆಗ ಒಂದು ಕಣಜ ಸೋರಿದರೆ ಇನ್ನೊಂದು ಉಳಿಯುತ್ತದೆ. ನೆನಪಿರದಿದ್ದರೆ ಪಾಸ್‌ವರ್ಡ್ ಮ್ಯಾನೇಜರ್ ಇದೆ. ಮನೆಯ ಬೀರುವಿನಲ್ಲಿಟ್ಟ ಪುಸ್ತಕವೂ ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಮೇಲು. ಉಳಿದದ್ದು ಕಣಜ ಕಾಯುವವರ ಕೆಲಸ. ಹಲಗೆ ಎಲ್ಲಿ ನಿಂತಿತೆಂದು ಅವರನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ.