ಸೇಫ್ಟಿ ಶೂ ಕಚ್ಚುವುದೇಕೆ? ದುಡಿಮೆಗೆ ತಕ್ಕ ಶೂ, ಪ್ಯಾಂಟ್ ಆರಿಸುವ ಬಗೆ

ಬೆಂಗಳೂರಿನ ಯಾವುದಾದರೂ ಕಟ್ಟಡ ಕಾಮಗಾರಿಯ ಬಳಿ ಹೋಗಿ ಕೆಲಸಗಾರರ ಕಾಲುಗಳನ್ನು ಗಮನಿಸಿ. ಕೆಲವರು ಸೇಫ್ಟಿ ಶೂ ಹಾಕಿರುತ್ತಾರೆ. ಕೆಲವರು ಹವಾಯಿ ಚಪ್ಪಲಿಯಲ್ಲೇ ಇಟ್ಟಿಗೆ ಹೊರುತ್ತಿರುತ್ತಾರೆ. ಇನ್ನು ಕೆಲವರು ಕೊಟ್ಟ ಶೂವಿನ ಹಿಂಭಾಗವನ್ನು ಮಡಚಿ, ಅದನ್ನೇ ಚಪ್ಪಲಿಯಂತೆ ಮೆಟ್ಟಿಕೊಂಡು ಓಡಾಡುತ್ತಿರುತ್ತಾರೆ. ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಕಚ್ತದೆ’.

ಇದನ್ನು ಅಸಡ್ಡೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಕಚ್ಚುವ ಶೂವನ್ನು ಎಂಟು ಗಂಟೆ ಯಾರೂ ಹಾಕಿಕೊಳ್ಳಲಾರರು. ಮೂಲೆಯಲ್ಲಿ ಬಿಚ್ಚಿಟ್ಟ ಶೂ ಎಷ್ಟೇ ಗಟ್ಟಿಯಾಗಿದ್ದರೂ ಅದರಿಂದ ಕಾಲಿಗೆ ರಕ್ಷಣೆ ಇಲ್ಲ. ಹಾಗಾಗಿ ಆರಾಮ ಎನ್ನುವುದು ಸುರಕ್ಷತೆಯ ಮೇಲೆ ಸಿಗುವ ಹೆಚ್ಚುವರಿ ಸೌಲಭ್ಯವಲ್ಲ, ಸುರಕ್ಷತೆಯದೇ ಒಂದು ಭಾಗ. ಕೊಳ್ಳುವಾಗ ಎರಡು ಪ್ರಶ್ನೆಗಳನ್ನು ಈ ಕ್ರಮದಲ್ಲೇ ಕೇಳಿಕೊಳ್ಳಬೇಕು. ಒಂದು, ನನ್ನ ಕೆಲಸದಲ್ಲಿರುವ ಅಪಾಯವನ್ನು ಇದು ತಡೆಯುತ್ತದೆಯೇ? ಎರಡು, ಇಡೀ ದಿನ ಇದನ್ನು ಹಾಕಿಕೊಂಡು ದುಡಿಯಬಹುದೇ?

ಯಾವುದು ನಿಜವಾದ ಸೇಫ್ಟಿ ಶೂ?

ದಪ್ಪ ಸೋಲ್, ಕಪ್ಪು ಚರ್ಮ, ಎತ್ತರದ ಕತ್ತು ಇದ್ದ ಮಾತ್ರಕ್ಕೆ ಅದು ಸೇಫ್ಟಿ ಶೂ ಆಗುವುದಿಲ್ಲ. ಭಾರತದಲ್ಲಿ ಇದಕ್ಕೆ ಐಎಸ್ 15298 ಎಂಬ ಮಾನಕವಿದೆ. ಅದರ ಭಾಗ 2ರ ಪ್ರಕಾರ, ಬೆರಳುಗಳ ಮೇಲಿರುವ ಗಟ್ಟಿ ಕವಚ, ಅಂದರೆ ಟೋ ಕ್ಯಾಪ್, 200 ಜೂಲ್ ಹೊಡೆತವನ್ನು ತಡೆಯಬೇಕು. ಸರಳವಾಗಿ ಹೇಳುವುದಾದರೆ, 20 ಕಿಲೋ ತೂಕದ ಲೋಹದ ತುಂಡು ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದರೂ ಕವಚದೊಳಗೆ ಬೆರಳುಗಳಿಗೆ ನಿಗದಿತ ಜಾಗ ಉಳಿದಿರಬೇಕು. ಅದರ ಜೊತೆಗೆ 15 ಕಿಲೋನ್ಯೂಟನ್, ಅಂದರೆ ಸುಮಾರು ಒಂದೂವರೆ ಟನ್ ಭಾರದಷ್ಟು ಒತ್ತಡವನ್ನೂ ಅದು ತಾಳಬೇಕು.

ಅದೇ ಮಾನಕದ ಭಾಗ 3ರ ಶೂಗಳಿಗೆ ಹೊಡೆತದ ಮಿತಿ 100 ಜೂಲ್, ಅಂದರೆ ಅರ್ಧ. ಭಾಗ 4ರ ಶೂಗಳಲ್ಲಿ ಟೋ ಕ್ಯಾಪ್ ಇರಬೇಕೆಂಬ ನಿಯಮವೇ ಇಲ್ಲ. ಅಂಗಡಿಯಲ್ಲಿ ಮೂರೂ ಒಂದೇ ರೀತಿ ಕಾಣಬಹುದು. ಆದ್ದರಿಂದ ಐಎಸ್‌ಐ ಗುರುತಿನ ಜೊತೆಗೆ ಯಾವ ಭಾಗ ಎಂಬುದನ್ನೂ ನೋಡಿ. ಗುರುತಿನ ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ಬಿಐಎಸ್ ಕೇರ್ ಎಂಬ ಉಚಿತ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಅಸಲಿಯೋ ಅಲ್ಲವೋ ತಿಳಿಯುತ್ತದೆ.

ನಿಮ್ಮ ಕೆಲಸದಲ್ಲಿ ಅಪಾಯ ಎಲ್ಲಿಂದ ಬರುತ್ತದೆ?

*ಕೆಳಗಿನಿಂದ ಬರುವ ಮೊಳೆ:* ಸೆಂಟ್ರಿಂಗ್ ಹಲಗೆ ಬಿಚ್ಚುವ ಜಾಗದಲ್ಲಿ ತಲೆಯ ಮೇಲೆ ಬೀಳುವುದಕ್ಕಿಂತ ಕಾಲಿಗೆ ಚುಚ್ಚುವುದೇ ಹೆಚ್ಚು ಕಾಡುತ್ತದೆ. ಟೋ ಕ್ಯಾಪ್ ಇದನ್ನು ತಡೆಯದು. ಇದಕ್ಕೆ ಸೋಲಿನೊಳಗೆ ತಡೆ ಹಾಳೆ ಇರಬೇಕು. ಎಸ್1ಪಿ, ಎಸ್3 ಎಂಬ ಗುರುತಿನ ಶೂಗಳಲ್ಲಿ ಈ ಹಾಳೆ ಇರುತ್ತದೆ, ಬರೀ ಎಸ್1 ಎಂದಿದ್ದರೆ ಇರುವುದಿಲ್ಲ. ಸ್ಟೀಲ್ ಹಾಳೆ ಸಣ್ಣ ಮೊಳೆಯನ್ನೂ ಚೆನ್ನಾಗಿ ತಡೆಯುತ್ತದೆ. ಗಟ್ಟಿ ನೂಲಿನ ಹಾಳೆ ಹಗುರ, ಚೆನ್ನಾಗಿ ಬಾಗುತ್ತದೆ, ಪಾದದ ಹೆಚ್ಚು ಭಾಗವನ್ನು ಮುಚ್ಚುತ್ತದೆ, ಆದರೆ ತೀರಾ ತೆಳುವಾದ ಚೂಪು ಮೊಳೆ ಅದನ್ನು ದಾಟುವ ಸಾಧ್ಯತೆ ಹೆಚ್ಚು. ಹಳೆಯ ಸ್ಪೋರ್ಟ್ಸ್ ಶೂ ಹಾಕಿಕೊಂಡರೆ ಸಾಕು ಎನ್ನುವವರು ಇದನ್ನು ಗಮನಿಸಬೇಕು: ಅದರ ಫೋಮ್ ಸೋಲನ್ನು ಮೊಳೆ ಸಲೀಸಾಗಿ ದಾಟುತ್ತದೆ, ಜೊತೆಗೆ ಒದ್ದೆ ಸೋಲಿನಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನೂ ಗಾಯದೊಳಕ್ಕೆ ಒಯ್ಯಬಹುದು. ಶೂ ಮೂಲಕ ಮೊಳೆ ಚುಚ್ಚಿದ್ದರೆ ಗಾಯ ಸಣ್ಣದೆಂದು ಸುಮ್ಮನಿರದೆ, ತೊಳೆದು ವೈದ್ಯರಿಗೆ ತೋರಿಸಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ.

*ಹಸಿ ಸಿಮೆಂಟ್:* ಇದರ ಪಿಎಚ್ ಮಟ್ಟ 12ರಿಂದ 13ರಷ್ಟಿರುತ್ತದೆ, ಅಂದರೆ ಪ್ರಬಲ ಕ್ಷಾರ. ಚರ್ಮದ ಶೂ ಅದನ್ನು ಹೀರಿಕೊಂಡು ಪಾದಕ್ಕೆ ಅಂಟಿಸಿಟ್ಟುಕೊಳ್ಳುತ್ತದೆ. ಸುಡುವ ನೋವು ತಡವಾಗಿ ಗೊತ್ತಾಗುವುದರಿಂದ ಅಷ್ಟರಲ್ಲಿ ಚರ್ಮ ಆಳವಾಗಿ ಬೆಂದಿರಬಹುದು. ಕಾಂಕ್ರೀಟ್ ಹಾಕುವ ದಿನ ಟೋ ಕ್ಯಾಪ್ ಇರುವ ಗಂಬೂಟು ಬೇಕು. ಒಳಗೆ ಸಿಮೆಂಟ್ ನೀರು ಹೋದರೆ ತಕ್ಷಣ ಬಿಚ್ಚಿ, ಕಾಲನ್ನು ಧಾರಾಳವಾಗಿ ನೀರಿನಲ್ಲಿ ತೊಳೆಯಬೇಕು.

*ಬಿಸಿ:* ಡಾಂಬರು ಹಾಸುವವರು ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿಯ ಮಿಶ್ರಣದ ಹತ್ತಿರ ಓಡಾಡುತ್ತಾರೆ. ಪಾಲಿಯುರೆಥೇನ್ (ಪಿಯು) ಮತ್ತು ಪಿವಿಸಿ ಸೋಲ್ ಇಲ್ಲಿ ಮೆತ್ತಗಾಗುತ್ತವೆ. ಇಂಥವರಿಗೆ ‘ಎಚ್‌ಆರ್‌ಒ’ ಗುರುತಿನ ರಬ್ಬರ್ ಸೋಲ್ ಸೂಕ್ತ. ಅದನ್ನು 300 ಡಿಗ್ರಿಯಲ್ಲಿ ಒಂದು ನಿಮಿಷ ಪರೀಕ್ಷಿಸಿರುತ್ತಾರೆ.

*ವಿದ್ಯುತ್:* ‘ಆಂಟಿಸ್ಟ್ಯಾಟಿಕ್’ ಎಂದು ಬರೆದ ಶೂ ಕರೆಂಟ್ ಹೊಡೆಯುವುದನ್ನು ತಡೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮೈಮೇಲೆ ಕೂಡಿದ ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಹರಿಸುವುದು ಅದರ ಕೆಲಸ. ವಿದ್ಯುತ್ ಕೆಲಸದವರಿಗೆ ನಿರೋಧಕ ಶೂಗಳು ಬೇರೆಯೇ ಇವೆ.

ಕಚ್ಚದ ಶೂ ಕೊಳ್ಳುವುದು ಹೇಗೆ?

ಶೂ ಕಚ್ಚಲು ಬಹುಪಾಲು ಕಾರಣ ಅಳತೆ, ಅದರಲ್ಲೂ ಅಗಲ.

- ಸಂಜೆ ಹೊತ್ತು ಕೊಳ್ಳಿ. ದಿನವಿಡೀ ನಿಂತ ಪಾದ ಸ್ವಲ್ಪ ಊದಿರುತ್ತದೆ. ಬೆಳಿಗ್ಗೆ ಸರಿಯಾದ ಶೂ ಸಂಜೆಗೆ ಬಿಗಿಯಾಗಬಹುದು.
- ಕೆಲಸಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಂಡು, ಎರಡೂ ಕಾಲಿಗೆ ತೊಟ್ಟು ನೋಡಿ. ಹಲವರ ಎರಡು ಪಾದಗಳು ಒಂದೇ ಅಳತೆಯವಲ್ಲ. ದೊಡ್ಡ ಪಾದಕ್ಕೆ ಹೊಂದುವುದನ್ನು ಆರಿಸಿ.
- ಒಳಗಿನ ಮೆತ್ತೆಯನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದ ಅಂಚು ಮೀರಿ ಹೊರಗೆ ಬಂದರೆ ಆ ಶೂ ನಿಮಗೆ ಕಿರಿದು.
- ನಿಂತಾಗ ಉದ್ದನೆಯ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಲಿ.
- ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ಟೈಲ್ಸ್, ಪ್ಲಾಸ್ಟರಿಂಗ್ ಕೆಲಸದವರಿಗೆ ಇದು ಬಹಳ ಮುಖ್ಯ. ಪಾದ ಬಾಗಿದಾಗ ಟೋ ಕ್ಯಾಪ್‌ನ ಹಿಂದಿನ ಅಂಚು ಬೆರಳಿನ ಬುಡಕ್ಕೆ ಒತ್ತಿದರೆ ಆ ಶೂ ಬೇಡ.
- ಮೆಟ್ಟಿಲು ಹತ್ತಿ ಇಳಿಯಿರಿ. ಹಿಮ್ಮಡಿ ಶೂವಿನಿಂದ ತುಂಬಾ ಮೇಲೇಳುತ್ತಿದ್ದರೆ ಗುಳ್ಳೆ ಏಳುವುದು ಖಚಿತ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಯುಕೆ ಅಳತೆಯಲ್ಲಿ ಒಂದು ಸಂಖ್ಯೆ ಏರಿದರೆ ಉದ್ದ ಸುಮಾರು ಎಂಟೂವರೆ ಮಿಲಿಮೀಟರ್ ಹೆಚ್ಚುತ್ತದೆ. ಅಗಲ ಸಾಲದು ಎಂದು ಒಂದು ಸಂಖ್ಯೆ ದೊಡ್ಡದು ತೆಗೆದುಕೊಂಡರೆ ಬೆರಳಿನ ಬಿಗಿ ಹೋಗಬಹುದು, ಆದರೆ ಹಿಮ್ಮಡಿ ಜಾರತೊಡಗುತ್ತದೆ. ಆದಷ್ಟೂ ಅಗಲ ಮುಂಭಾಗದ ಮಾದರಿಯನ್ನೇ ಕೇಳಿ.

ಶೂಗಳನ್ನು ಕಂಟ್ರಾಕ್ಟರ್ ಒಟ್ಟಿಗೆ ತರಿಸುವುದಾದರೆ ಒಂದು ಸುಲಭ ಉಪಾಯವಿದೆ. ಸಂಜೆ ಪ್ರತಿಯೊಬ್ಬರೂ ಬಿಳಿ ಹಾಳೆಯ ಮೇಲೆ ನಿಂತು ಎರಡೂ ಪಾದಗಳ ಗೆರೆ ಎಳೆಸಿ, ಹೆಸರು ಬರೆದು ಕೊಡಲಿ. ಉದ್ದ, ಅಗಲ ಎರಡೂ ಅದರಲ್ಲಿರುತ್ತವೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಅಗತ್ಯ. ಸಾಮಾನ್ಯವಾಗಿ ಅವರ ಹಿಮ್ಮಡಿ ಮುಂಗಾಲಿಗೆ ಹೋಲಿಸಿದರೆ ಕಿರಿದು. ಗಂಡಸರ ಶೂವಿನ ಚಿಕ್ಕ ಸಂಖ್ಯೆ ಕೊಟ್ಟರೆ ಉದ್ದ ಹೊಂದಿದರೂ ಹಿಮ್ಮಡಿ ಸಡಿಲ. ಹೊರೆ ಹೊತ್ತು ಮೆಟ್ಟಿಲು ಹತ್ತುವವರ ಕಾಲಲ್ಲಿ ಸಡಿಲ ಶೂ ಇರುವುದು ಅಪಾಯಕಾರಿ.

ಕೆಲವು ತಪ್ಪು ಕಲ್ಪನೆಗಳು

ಕಲ್ಪನೆ: ಭಾರ ಬಿದ್ದರೆ ಸ್ಟೀಲ್ ಟೋ ಮಡಚಿ ಬೆರಳನ್ನೇ ಕತ್ತರಿಸುತ್ತದೆ.
ವಾಸ್ತವ: ಅಮೆರಿಕದ ‘ಮಿಥ್‌ಬಸ್ಟರ್ಸ್’ ಟಿವಿ ಕಾರ್ಯಕ್ರಮ 2005ರಲ್ಲಿ ಇದನ್ನು ನಕಲಿ ಕಾಲುಗಳ ಮೇಲೆ ಪರೀಕ್ಷಿಸಿ, ಸ್ಟೀಲ್ ಟೋ ಇದ್ದರೇ ಹೆಚ್ಚು ಸುರಕ್ಷಿತ ಎಂಬ ತೀರ್ಮಾನಕ್ಕೆ ಬಂದಿತ್ತು. ತರ್ಕವೂ ಸರಳ. ಉಕ್ಕಿನ ಕವಚವನ್ನೇ ಬಾಗಿಸುವಷ್ಟು ಭಾರ ಬರಿ ಚರ್ಮದ ಶೂ ಮೇಲೆ ಬಿದ್ದರೆ ಬೆರಳುಗಳು ಜಜ್ಜಿಹೋಗಿರುತ್ತವೆ.

ಕಲ್ಪನೆ: ಹಾಕುತ್ತಾ ಹೋದರೆ ಸಡಿಲವಾಗುತ್ತದೆ.
ವಾಸ್ತವ: ಚರ್ಮದ ಭಾಗ ಸ್ವಲ್ಪ ಹಿಗ್ಗುತ್ತದೆ, ಟೋ ಕ್ಯಾಪ್ ಹಿಗ್ಗುವುದಿಲ್ಲ. ಬೆರಳಿನ ಬಳಿ ಇಂದು ಒತ್ತುವ ಶೂ ಒಂದು ವರ್ಷದ ನಂತರವೂ ಒತ್ತುತ್ತದೆ.

ಕಲ್ಪನೆ: ಭಾರವಾದ ಶೂವೇ ಗಟ್ಟಿ, ಫೈಬರ್ ಟೋ ದುರ್ಬಲ.
ವಾಸ್ತವ: ಭಾಗ 2ರ ಗುರುತಿರುವ ಶೂವಿನ ಕವಚ ಸ್ಟೀಲ್ ಆಗಿರಲಿ, ಫೈಬರ್ ಆಗಿರಲಿ, ಅದೇ 200 ಜೂಲ್ ಪರೀಕ್ಷೆ ದಾಟಿರಬೇಕು. ಇನ್ನು ಕಾಲಿಗೆ ಕಟ್ಟಿದ ತೂಕ ಬೆನ್ನ ಮೇಲಿನ ಅಷ್ಟೇ ತೂಕಕ್ಕಿಂತ ಹಲವು ಪಟ್ಟು ಹೆಚ್ಚು ದಣಿಸುತ್ತದೆ, ಏಕೆಂದರೆ ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಬೀಸಬೇಕು.

ಕಲ್ಪನೆ: ಬೆವರಿಗೆ ಹತ್ತಿ ಸಾಕ್ಸೇ ಉತ್ತಮ.
ವಾಸ್ತವ: ಹತ್ತಿ ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಒದ್ದೆ ಚರ್ಮ ಉಜ್ಜಿದಾಗ ಗುಳ್ಳೆ ಬೇಗ ಏಳುತ್ತದೆ, ಬೆರಳ ಸಂದಿಯಲ್ಲಿ ಫಂಗಸ್ ಬೆಳೆಯುತ್ತದೆ. ಬೇಗ ಒಣಗುವ ಮಿಶ್ರ ನೂಲಿನ ಸಾಕ್ಸ್ ಮೇಲು. ಅದು ಸಿಗದಿದ್ದರೆ ಊಟದ ಹೊತ್ತಿಗೆ ಬದಲಿಸಲು ಇನ್ನೊಂದು ಜೊತೆ ಹತ್ತಿ ಸಾಕ್ಸ್ ಇಟ್ಟುಕೊಳ್ಳಿ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಎಚ್ಚರಿಕೆ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಶೂ ಕಚ್ಚುವುದು ಗೊತ್ತೇ ಆಗುವುದಿಲ್ಲ. ದಿನವೂ ಹಾಕುವ ಮುನ್ನ ಒಳಗೆ ಕೈಯಾಡಿಸಿ ನೋಡಿ, ಬಿಚ್ಚಿದ ಮೇಲೆ ಪಾದವನ್ನು ನೋಡಿ.

ಪ್ಯಾಂಟ್ ಕೂಡ ರಕ್ಷಣೆಯೇ

ಹಳೆಯ ಪ್ಯಾಂಟ್ ಕೆಲಸಕ್ಕೆ ಎನ್ನುವುದು ವಾಡಿಕೆ. ಆದರೆ ಬಟ್ಟೆ ಯಾವುದು ಎಂಬುದು ಕೆಲವು ಕೆಲಸಗಳಲ್ಲಿ ನಿರ್ಣಾಯಕ. ಪಾಲಿಯೆಸ್ಟರ್ ಸುಮಾರು 250ರಿಂದ 260 ಡಿಗ್ರಿಯಲ್ಲಿ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯೂ ಉರಿಯುತ್ತದೆ, ಆದರೆ ಕರಗಿ ಅಂಟುವುದಿಲ್ಲ. ವೆಲ್ಡಿಂಗ್, ಗ್ರೈಂಡಿಂಗ್ ಮಾಡುವವರಿಗೆ ದಪ್ಪ ಹತ್ತಿ ಕನಿಷ್ಠ ಅಗತ್ಯ. ಬೆಂಕಿನಿರೋಧಕ ಸಂಸ್ಕರಣೆ ಮಾಡಿದ್ದರೆ ಇನ್ನೂ ಒಳ್ಳೆಯದು. ಬೆಂಕಿಯ ಹತ್ತಿರ ಹೋಗದವರಿಗೆ ಹತ್ತಿ, ಪಾಲಿಯೆಸ್ಟರ್ ಬೆರೆತ ಬಟ್ಟೆ ಹೆಚ್ಚು ಬಾಳಿಕೆ ಬರುತ್ತದೆ, ಬೇಗ ಒಣಗುತ್ತದೆ.

ದಪ್ಪವನ್ನು ‘ಜಿಎಸ್‌ಎಂ’ನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂದು. ನಮ್ಮ ಸೆಕೆಗೆ 240ರ ಆಸುಪಾಸಿನ ಡ್ರಿಲ್ ಅಥವಾ ಟ್ವಿಲ್ ಬಟ್ಟೆ ಹೊಂದುತ್ತದೆ. ಇನ್ನೂ ದಪ್ಪ ಬಟ್ಟೆ ಹೆಚ್ಚು ಬಾಳುತ್ತದೆ, ಆದರೆ ಬೇಸಿಗೆಯಲ್ಲಿ ಬೇಯಿಸುತ್ತದೆ.

ಕೆಲಸದ ಪ್ಯಾಂಟ್ ಸಾಮಾನ್ಯವಾಗಿ ಮೊದಲು ಹರಿಯುವುದು ಎರಡೇ ಕಡೆ: ತೊಡೆಸಂದಿ ಮತ್ತು ಮೊಣಕಾಲು. ತೊಡೆಸಂದಿಯಲ್ಲಿ ವಜ್ರಾಕಾರದ ಹೆಚ್ಚುವರಿ ತುಂಡು ಹೊಲಿದಿದ್ದರೆ ಕುಳಿತಾಗ ಹೊಲಿಗೆಯ ಮೇಲೆ ಎಳೆತ ಕಡಿಮೆ. ನಾಲ್ಕು ಹೊಲಿಗೆ ಕೂಡುವಲ್ಲಿ ಈ ತುಂಡು, ಮೊಣಕಾಲಿಗೆ ಎರಡು ಪದರ, ಉದ್ದದ ಹೊಲಿಗೆಗೆ ಎರಡು ಮೂರು ಸಾಲು, ಇಷ್ಟನ್ನು ನಿಮ್ಮೂರಿನ ಟೈಲರ್ ಕೂಡ ಮಾಡಿಕೊಡಬಲ್ಲರು. ಪರೀಕ್ಷೆ ಅದೇ: ಕುಕ್ಕರಗಾಲಿನಲ್ಲಿ ಕುಳಿತಾಗ ಸೊಂಟದ ಹಿಂದೆ ಜಾರಬಾರದು, ಮೊಣಕಾಲಿಗೆ ಎಳೆಯಬಾರದು.

ಕಾಂಕ್ರೀಟ್ ಹಾಕುವಾಗಲೂ ವೆಲ್ಡಿಂಗ್ ಮಾಡುವಾಗಲೂ ಪ್ಯಾಂಟ್ ಬೂಟಿನ ಹೊರಗಿರಲಿ. ಒಳಗೆ ತುರುಕಿದರೆ ಸಿಮೆಂಟ್ ನೀರು ಅಥವಾ ಕಿಡಿ ನೇರವಾಗಿ ಬೂಟಿನೊಳಗೆ ಇಳಿಯುತ್ತದೆ. ಕಾಲಿನ ತುದಿ ಮಡಚಿಕೊಂಡರೆ ಆ ಮಡಿಕೆಯಲ್ಲೇ ಕಿಡಿ ಕೂರುತ್ತದೆ. ಉದ್ದವಾದರೆ ಕತ್ತರಿಸಿ ಹೊಲಿಸಿ. ತಿರುಗುವ ಯಂತ್ರದ ಹತ್ತಿರ ಮಾತ್ರ ಸಡಿಲ ಬಟ್ಟೆ, ಸೆರಗು, ಲುಂಗಿ ಯಾವುದೂ ಬೇಡ.

ಹೆಚ್ಚು ದಿನ ಬಾಳಲು

- ಸಾಧ್ಯವಾದರೆ ಎರಡು ಜೊತೆ ಶೂ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿ. ಒಳಗಿನ ಬೆವರು ಒಂದು ರಾತ್ರಿಯಲ್ಲಿ ಪೂರ್ತಿ ಆರುವುದು ಕಷ್ಟ.
- ಒದ್ದೆಯಾದರೆ ಒಳಗೆ ದಿನಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ. ಒಲೆಯ ಪಕ್ಕ ಇಟ್ಟರೆ ಚರ್ಮ ಬಿರಿಯುತ್ತದೆ.
- ‘ಇನ್ನೂ ಹೊಸದು, ಬಳಸೇ ಇಲ್ಲ’ ಎಂಬ ಹಳೆಯ ಸ್ಟಾಕ್ ಬಗ್ಗೆ ಎಚ್ಚರವಿರಲಿ. ಪಿಯು ಸೋಲ್ ಗಾಳಿಯ ತೇವದೊಂದಿಗೆ ವರ್ತಿಸಿ, ಪೆಟ್ಟಿಗೆಯಲ್ಲೇ ಇದ್ದರೂ ಕೆಲವು ವರ್ಷಗಳಲ್ಲಿ ಪುಡಿಯಾಗಬಹುದು. ಸೆಕೆ, ತೇವ ಹೆಚ್ಚಿರುವ ಕರಾವಳಿಯಂಥ ಕಡೆ ಇದು ಬೇಗ ಆಗುತ್ತದೆ. ಶೂ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ, ನೋಡಿ ಕೊಳ್ಳಿ.
- ಟೋ ಕ್ಯಾಪ್ ಮೇಲೆ ದೊಡ್ಡ ಹೊಡೆತ ಬಿದ್ದಿದ್ದರೆ, ಹೊರಗೆ ಏನೂ ಕಾಣದಿದ್ದರೂ ಆ ಶೂ ಬದಲಿಸಿ. ಅದು ಇನ್ನೊಂದು ಹೊಡೆತ ತಡೆಯುತ್ತದೆಂಬ ಭರವಸೆ ಇಲ್ಲ.
- ಸೋಲಿನ ಗೀರುಗಳು ಸವೆದು ಚಪ್ಪಟೆಯಾದರೆ ಜಾರುವ ಅಪಾಯ ಹೆಚ್ಚು. ಆಗಲೂ ಬದಲಿಸುವುದೇ ದಾರಿ.

ದುಡ್ಡು ಯಾರದು?

ಸೇಫ್ಟಿ ಶೂ ಕೊಟ್ಟು ಅದರ ಹಣವನ್ನು ಕೂಲಿಯಲ್ಲಿ ಮುರಿದುಕೊಳ್ಳುವುದೂ ಉಂಟು. ಕಟ್ಟಡ ಕಾರ್ಮಿಕರು ಮಾನಕಕ್ಕೆ ತಕ್ಕ ಶೂ ಮತ್ತು ಹೆಲ್ಮೆಟ್ ಧರಿಸಿರುವಂತೆ ನೋಡಿಕೊಳ್ಳುವ ಹೊಣೆಯನ್ನು 1998ರ ಕೇಂದ್ರ ನಿಯಮಗಳೇ ಮಾಲೀಕರ ಮೇಲೆ ಹಾಕಿದ್ದವು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯೂ ಕೆಲಸದ ಸ್ಥಳದ ಸುರಕ್ಷತೆಗಾಗಿ ಒದಗಿಸುವ ಯಾವುದಕ್ಕೂ ನೌಕರರಿಂದ ಹಣ ಪಡೆಯಬಾರದು ಎನ್ನುತ್ತದೆ.

ಮಾಲೀಕರಿಗೂ ಇದರಲ್ಲಿ ಲಾಭವಿದೆ. ಅಳತೆ ನೋಡದೆ ತಂದ ನೂರು ಜೊತೆ ಶೂಗಳಲ್ಲಿ ಅರ್ಧ ಮೂಲೆ ಸೇರಿದರೆ, ಖರ್ಚೂ ವ್ಯರ್ಥ, ಕಾಲುಗಳೂ ಬರಿದು. ಮುಂದಿನ ಬಾರಿ ಯಾರಾದರೂ ಶೂವಿನ ಹಿಂಭಾಗ ಮಡಚಿ ಮೆಟ್ಟಿಕೊಂಡಿದ್ದರೆ ದಂಡ ಹಾಕುವ ಮೊದಲು ಅವರ ಪಾದದ ಅಳತೆ ತೆಗೆದುಕೊಳ್ಳಿ.