ಓಡುವ ಕುದುರೆ ಮತ್ತು ಕ್ಯಾಮೆರಾದ ಕಣ್ಣು

ಓಡುವ ಕುದುರೆಯ ನಾಲ್ಕೂ ಕಾಲುಗಳು ಒಂದೇ ಸಮಯದಲ್ಲಿ ನೆಲ ಬಿಟ್ಟಿರುವ ಕ್ಷಣ ಇದೆಯೇ? ಬರಿಗಣ್ಣಿಗೆ ತೀರ್ಮಾನಿಸಲಾಗದ ಈ ಪ್ರಶ್ನೆಗೆ 1878ರ ಜೂನ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಉತ್ತರ ಕೊಟ್ಟನು. ಓಟದ ದಾರಿಯ ಪಕ್ಕದಲ್ಲಿ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಅಡ್ಡಲಾಗಿ ಕಟ್ಟಿದ ದಾರಗಳು ಕುದುರೆಗೆ ತಗುಲಿದಾಗ ಷಟರ್‌ಗಳು ಒಂದೊಂದಾಗಿ ತೆರೆಯುವಂತೆ ಏರ್ಪಾಡು ಮಾಡಿದ್ದನು. ನಾಲ್ಕೂ ಗೊರಸುಗಳು ಗಾಳಿಯಲ್ಲಿರುವ ಕ್ಷಣ ಚಿತ್ರದಲ್ಲಿ ಸೆರೆಯಾಯಿತು.

ಇಲ್ಲಿ ಒಂದು ಅನುಕೂಲವಿತ್ತು. ಕುದುರೆ ಕ್ಯಾಮೆರಾಗಳಿಗೆ ಅಡ್ಡಲಾಗಿ, ಗೊತ್ತಾದ ದಾರಿಯಲ್ಲಿ ಓಡುತ್ತಿತ್ತು. ದೂರ ಮೊದಲೇ ತಿಳಿದಿದ್ದರಿಂದ ಮಸೂರವನ್ನು ಮೊದಲೇ ಹೊಂದಿಸಿಡಬಹುದಿತ್ತು. ಆದರೆ ಕುದುರೆ ನಮ್ಮ ಕಡೆಗೇ ಓಡಿ ಬಂದರೆ? ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಫೋಕಸ್ ಮಾಡಿದ ಮೇಲೆ ಷಟರ್ ತೆರೆಯುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದರೂ ಕುದುರೆ 1 ಮೀಟರ್ ಮುಂದೆ ಬಂದಿರುತ್ತದೆ. ಆಗ ಮುಖ ಮಸುಕಾಗಿ, ಬೆನ್ನು ಸ್ಪಷ್ಟವಾಗುತ್ತದೆ!

ತಾನೇ ಫೋಕಸ್ ಮಾಡಿಕೊಳ್ಳುವ ಕ್ಯಾಮೆರಾವನ್ನು ಸಾಮಾನ್ಯರ ಕೈಗೆ ತಂದದ್ದು 1977ರ ಕೊನಿಕಾ ಸಿ35 ಎಎಫ್. 1985ರಲ್ಲಿ ಬಂದ ಮಿನೋಲ್ಟಾ 7000 ಎಸ್‌ಎಲ್‌ಆರ್‌ನಲ್ಲಿ ಅಳೆಯುವ ಸಂವೇದಕವೂ ಮಸೂರವನ್ನು ಚಲಿಸುವ ಮೋಟಾರೂ ಕ್ಯಾಮೆರಾದ ಒಡಲಲ್ಲೇ ಇದ್ದವು. ಮಸೂರದ ಎರಡು ಅಂಚುಗಳಿಂದ ಬಂದ ಬೆಳಕು ಎರಡು ಬಿಂಬಗಳಾಗುತ್ತದೆ. ಅವುಗಳ ನಡುವಿನ ಅಂತರದಿಂದ ಫೋಕಸ್ ಯಾವ ಕಡೆಗೆ, ಎಷ್ಟು ತಪ್ಪಿದೆ ಎಂಬುದು ತಿಳಿಯುತ್ತದೆ.

1988ರ ನಿಕಾನ್ ಎಫ್4 ಇನ್ನೊಂದು ಹೆಜ್ಜೆ ಇಟ್ಟಿತು. ವಸ್ತು ಚಲಿಸುವ ರೀತಿಯನ್ನು ಅಳೆದು, ಷಟರ್ ತೆರೆಯುವಾಗ ಅದು ಎಲ್ಲಿರುತ್ತದೆಂದು ಮುಂಚೆಯೇ ಲೆಕ್ಕ ಹಾಕುವ ವ್ಯವಸ್ಥೆ ಅದರಲ್ಲಿತ್ತು. ನಮ್ಮ ಪಠ್ಯಪುಸ್ತಕದ ವೇಗ, ಕಾಲ, ದೂರಗಳ ಲೆಕ್ಕವೇ ಇದು. ಇದೇ ತತ್ವ ಡಿಜಿಟಲ್ ಕ್ಯಾಮೆರಾಗಳಿಗೂ ಬಂತು. 2013ರ ಕ್ಯಾನನ್ ಇಒಎಸ್ 70ಡಿಯಲ್ಲಿ ಚಿತ್ರ ಹಿಡಿಯುವ ಸಂವೇದಕದ ಪಿಕ್ಸೆಲ್‌ಗಳನ್ನೇ ಇಬ್ಭಾಗ ಮಾಡಿ ಎರಡು ಬಿಂಬಗಳನ್ನು ಹೋಲಿಸಲಾಯಿತು. ಇಂದಿನ ಹಲವು ಕ್ಯಾಮೆರಾಗಳು ಮನುಷ್ಯರ, ಪ್ರಾಣಿಗಳ ಕಣ್ಣನ್ನು ಗುರುತಿಸಿ ಹಿಂಬಾಲಿಸುತ್ತವೆ.

ಹಾಗಾದರೆ ಕಲಿಯುವವರಿಗೆ ಉಳಿದಿರುವುದೇನು? ಯಂತ್ರದ ಊಹೆಗೆ ಆಧಾರ ಈವರೆಗಿನ ಚಲನೆ ಮಾತ್ರ. ಓಡುತ್ತಿರುವ ನಾಯಿ ಥಟ್ಟನೆ ತಿರುಗಿದರೆ ಲೆಕ್ಕ ತಪ್ಪುತ್ತದೆ. ನಾಯಿಯ ಸ್ವಭಾವ ಬಲ್ಲವರು ಮಾತ್ರ ಆ ತಿರುವಿಗೆ ಸಿದ್ಧರಾಗಿರಬಲ್ಲರು.

ವಿದ್ಯಾರ್ಥಿ ಮಿತ್ರರು ವಾಹನ ಸಂಚಾರವಿಲ್ಲದ ಮೈದಾನದಲ್ಲಿ ಎದುರಿನಿಂದ ಬರುವ ಸೈಕಲ್ ಸವಾರನಿಂದ ಅಭ್ಯಾಸ ಆರಂಭಿಸಬಹುದು. ನಿರಂತರ ಫೋಕಸ್ ವಿಧಾನವನ್ನು ಆರಿಸಿ, ಸವಾರ ದೂರದಲ್ಲಿರುವಾಗಲೇ ಗುಂಡಿಯನ್ನು ಅರ್ಧ ಒತ್ತಿ ಅವನನ್ನು ಅನುಸರಿಸಬೇಕು. ಷಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗದಷ್ಟಿರಲಿ. ಷಟರ್ ನಿಧಾನವಾದರೆ ಫೋಕಸ್ ಸರಿಯಿದ್ದರೂ ಚಿತ್ರ ಕದಲಿದಂತೆ ಕಾಣುತ್ತದೆ. ಬಳಿಕ ಚಿತ್ರಗಳನ್ನು ದೊಡ್ಡದಾಗಿಸಿ ನೋಡಿ. ಸವಾರನ ಹಿಂದಿನ ನೆಲ ಸ್ಪಷ್ಟವಾಗಿದ್ದರೆ ಫೋಕಸ್ ಹಿಂದೆ ಬಿದ್ದಿದೆ. ಮುಂದಿನ ನೆಲ ಸ್ಪಷ್ಟವಾಗಿದ್ದರೆ ಅವನಿಗಿಂತ ಮುಂದೆ ಹೋಗಿದೆ. ಕೆಟ್ಟ ಚಿತ್ರಗಳನ್ನು ಅಳಿಸುವ ಮುನ್ನ ಇದನ್ನು ಗುರುತು ಹಾಕಿಕೊಳ್ಳಿ.